ಅಂಗಳದ ಹೊರಗಿನ ಆಟಗಾರ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಭತ್ತದ ಕೊಯ್ಲು ಮುಗಿದೊಡನೆ ಎಷ್ಟೋ ಗದ್ದೆಗಳು ಕ್ರಿಕೆಟ್ಟಿನ ಅಂಗಳಗಳಾಗುತ್ತವೆ. ಅಲ್ಲಿ ಬ್ಯಾಟು ಹಿಡಿಯುವ ಬಾಲಕರಲ್ಲಿ ಅನೇಕರು ದೇಶಕ್ಕಾಗಿ ಆಡುವ ಕನಸು ಕಾಣುತ್ತಾರೆ. ಆದರೆ ಅಂಗಳಕ್ಕಿಳಿಯುವ ಭಾರತ ತಂಡದಲ್ಲಿ ಇರುವುದು ಹನ್ನೊಂದೇ ಸ್ಥಾನ. ಹಾಗಾದರೆ ಆ ಸ್ಥಾನ ದೊರೆಯದವರ ಶ್ರಮವೆಲ್ಲ ವ್ಯರ್ಥವೇ? ಬೆಂಗಳೂರಿನ ಜಗದೀಶ್ ಅರುಣ್‌ಕುಮಾರರ ಬಾಳು ಈ ಪ್ರಶ್ನೆಗೆ ಉತ್ತರವನ್ನು ನೀಡುತ್ತದೆ.

1975ರಲ್ಲಿ ಜನಿಸಿದ ಅರುಣ್‌ಕುಮಾರರು ಕರ್ನಾಟಕ ತಂಡದ ಆರಂಭದ ದಾಂಡಿಗರಾಗಿದ್ದರು. ಹೊಸ ಚೆಂಡಿನ ವೇಗವನ್ನೂ ತಿರುವನ್ನೂ ಎಲ್ಲರಿಗಿಂತ ಮೊದಲು ಎದುರಿಸುವುದು ಆರಂಭದ ದಾಂಡಿಗನ ಹೊಣೆ. ಈ ಹೊಣೆಯನ್ನು ಹೊತ್ತು ಅವರು ಪ್ರಥಮ ದರ್ಜೆಯ ನೂರಕ್ಕೂ ಹೆಚ್ಚು ಪಂದ್ಯಗಳನ್ನಾಡಿ 7,000ಕ್ಕೂ ಮಿಕ್ಕಿ ರನ್ನುಗಳನ್ನು ಗಳಿಸಿದರು. 1995-96ರಿಂದ 1998-99ರವರೆಗಿನ ನಾಲ್ಕು ವರ್ಷಗಳಲ್ಲಿ ಕರ್ನಾಟಕವು ಮೂರು ಬಾರಿ ರಣಜಿ ಟ್ರೋಫಿಯನ್ನು ಗೆದ್ದಿತು. ಅವರ ಕಾಲದ ಕರ್ನಾಟಕದ ಆಟಗಾರರಾದ ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್, ರಾಹುಲ್ ದ್ರಾವಿಡ್ ಮೊದಲಾದವರು ಭಾರತದ ಪರವಾಗಿ ಆಡಿ ಕೀರ್ತಿವಂತರಾದರು. ಅರುಣ್‌ಕುಮಾರರಿಗೆ ಮಾತ್ರ ಆ ಕರೆ ಬರಲೇ ಇಲ್ಲ.

ಆಟದಿಂದ ನಿವೃತ್ತರಾದ ಮೇಲೆ ಅವರು ಕರ್ನಾಟಕ ತಂಡದ ತರಬೇತುದಾರರಾದರು. 1998-99ರ ಬಳಿಕ ರಣಜಿ ಟ್ರೋಫಿ ರಾಜ್ಯಕ್ಕೆ ದಕ್ಕಿರಲಿಲ್ಲ. 2013-14ರಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಕರ್ನಾಟಕವು ಅದನ್ನು ಮರಳಿ ಪಡೆಯಿತು. ಅದೇ ಋತುವಿನಲ್ಲಿ ಇರಾನಿ ಕಪ್ ಹಾಗೂ ವಿಜಯ್ ಹಜಾರೆ ಟ್ರೋಫಿಗಳೂ ಕೈಸೇರಿದವು. ಮರುವರ್ಷವೂ ಈ ಮೂರನ್ನೂ ಕರ್ನಾಟಕವೇ ಗೆದ್ದಿತು.

2015ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ತಮಿಳುನಾಡಿನೊಡನೆ ನಡೆದ ರಣಜಿ ಅಂತಿಮ ಪಂದ್ಯ ಸ್ಮರಣೀಯವಾದುದು. 84 ರನ್ನುಗಳಿಗೆ ಐವರನ್ನು ಕಳೆದುಕೊಂಡು ಕರ್ನಾಟಕವು ಸಂಕಟಕ್ಕೆ ಸಿಲುಕಿತ್ತು. ಆಗ ಕರುಣ್ ನಾಯರ್ ಮತ್ತು ಕೆ. ಎಲ್. ರಾಹುಲ್ ಜೊತೆಗೂಡಿ 386 ರನ್ನುಗಳನ್ನು ಕೂಡಿಸಿದರು. ಕರುಣ್ 328, ರಾಹುಲ್ 188 ರನ್ನು ಗಳಿಸಿದರು. ತಂಡವು ಒಂದು ಇನ್ನಿಂಗ್ಸ್ ಹಾಗೂ 217 ರನ್ನುಗಳಿಂದ ಜಯಶಾಲಿಯಾಯಿತು. ಮರುವರ್ಷ, 2016ರ ಡಿಸೆಂಬರಿನಲ್ಲಿ, ಕರುಣ್ ನಾಯರ್ ಚೆನ್ನೈಯಲ್ಲಿ ಇಂಗ್ಲೆಂಡಿನ ವಿರುದ್ಧ ಭಾರತಕ್ಕಾಗಿ ಔಟಾಗದೆ 303 ರನ್ನು ಬಾರಿಸಿದರು.

2020ರಲ್ಲಿ ಅರುಣ್‌ಕುಮಾರರು ಅಮೆರಿಕದ ಕ್ರಿಕೆಟ್ ತಂಡದ ಮುಖ್ಯ ತರಬೇತುದಾರರಾಗಿ ನೇಮಕಗೊಂಡರು. ಅದು ಬೇಸ್‌ಬಾಲ್ ಆಟದ ನಾಡು. ಆ ಆಟದ ಕೆಳಹಂತದ ಲೀಗುಗಳಲ್ಲಿಯೇ ಬಹುಕಾಲ ಆಡಿ, ಅನಂತರ ದೊಡ್ಡ ತಂಡಗಳನ್ನು ಸಮರ್ಥವಾಗಿ ನಡೆಸಿದವರು ಅಲ್ಲಿ ಅನೇಕರಿದ್ದಾರೆ.

ರನ್ನುಗಳ ಪಟ್ಟಿಯಲ್ಲಿ ದಾಂಡಿಗನ ಹೆಸರಿರುತ್ತದೆ, ಬೋಲರನ ಹೆಸರಿರುತ್ತದೆ. ತರಬೇತುದಾರನ ಹೆಸರಿಗೆ ಅಲ್ಲಿ ಎಡೆಯಿಲ್ಲ. ತಾನು ಏರಲಾಗದ ಮೆಟ್ಟಿಲನ್ನು ಕಿರಿಯರು ಏರುವಂತೆ ಕೈಹಿಡಿದು ನಡೆಸುವುದೂ ಒಂದು ಸಾಧನೆಯೇ ಸರಿ.

ಅಭ್ಯಾಸ
1. ಆರಂಭದ ದಾಂಡಿಗನ ಹೊಣೆ ಯಾವುದು?
2. 2015ರ ಅಂತಿಮ ಪಂದ್ಯದಲ್ಲಿ ಕರ್ನಾಟಕವು ಸಂಕಟದಿಂದ ಪಾರಾದ ಬಗೆಯನ್ನು ವಿವರಿಸಿರಿ.
3. ‘ಅಂಗಳದ ಹೊರಗಿನ ಆಟಗಾರ’ ಎಂಬ ಶೀರ್ಷಿಕೆಯ ಔಚಿತ್ಯವನ್ನು ತಿಳಿಸಿರಿ.