ಔಷಧಕ್ಕೆ ಮಣಿಯದ ಕೋಶಗಳೂ ಕಿರಿಯ ಆರ್.ಎನ್.ಎ.ಗಳೂ

೧೯೪೭ನೆಯ ಇಸವಿಯ ಕೊನೆಯಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಲ್ಯುಕೇಮಿಯಾದಿಂದ ನರಳುತ್ತಿದ್ದ ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಹೊಸ ಔಷಧವನ್ನು ಕೊಟ್ಟು ನೋಡಿದರು. ಲ್ಯುಕೇಮಿಯಾ ಎಂದರೆ ರಕ್ತದ ಬಿಳಿಯ ಕಣಗಳು ಮಿತಿಯಿಲ್ಲದೆ ವೃದ್ಧಿಯಾಗುವ ಕ್ಯಾನ್ಸರ್. ಆ ಕಾಲದಲ್ಲಿ ಇದರ ತೀವ್ರರೂಪಕ್ಕೆ ಒಳಗಾದ ಮಗು ಉಳಿಯುವ ಆಸೆಯೇ ಇರಲಿಲ್ಲ. ಔಷಧವನ್ನು ಒದಗಿಸಿದ್ದು ಲೆಡರ್ಲಿ ಪ್ರಯೋಗಶಾಲೆ. ಅಲ್ಲಿನ ಸಂಶೋಧನೆಯ ಮುಖಂಡರು ಆಂಧ್ರದ ಭೀಮವರದಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರು. ೧೯೪೮ರಲ್ಲಿ ಪ್ರಕಟವಾದ ವರದಿಯ ಪ್ರಕಾರ ೧೬ ಮಕ್ಕಳ ಪೈಕಿ ೧೦ ಮಕ್ಕಳ ಸ್ಥಿತಿ ಉತ್ತಮಗೊಂಡಿತು. ಆದರೆ ಈ ಸಂತೋಷ ಬಹುಕಾಲ ನಿಲ್ಲಲಿಲ್ಲ. ರೋಗ ಮರಳಿ ಬಂದಿತು. ಮೊದಲು ಫಲಕೊಟ್ಟ ಅದೇ ಔಷಧ ಈಗ ನಿಷ್ಫಲವಾಯಿತು. ಹೀಗೇಕೆ?

ಇದಕ್ಕೆ ಉತ್ತರವನ್ನು ಹುಡುಕುವ ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಗಂತಿಯಲ್ಲಿ ನೂರು ಕೋಟಿ ಕೋಶಗಳಿವೆಯೆಂದೂ, ಅವುಗಳಲ್ಲಿ ಹತ್ತು ಲಕ್ಷಕ್ಕೆ ಒಂದರಂತೆ ಔಷಧವನ್ನು ತಾಳಿಕೊಳ್ಳಬಲ್ಲ ಕೋಶಗಳಿವೆಯೆಂದೂ ಭಾವಿಸಿರಿ. ಔಷಧವು ಉಳಿದವನ್ನೆಲ್ಲ ನಾಶಮಾಡಿದರೂ ಒಂದು ಸಾವಿರ ಕೋಶಗಳು ಬದುಕಿಕೊಳ್ಳುತ್ತವೆ. ಇವು ಇಪ್ಪತ್ತು ಬಾರಿ ಇಮ್ಮಡಿಯಾದರೆ ಸಂಖ್ಯೆ ಪುನಃ ನೂರು ಕೋಟಿಯನ್ನು ಮುಟ್ಟುತ್ತದೆ. ಆದರೆ ಈ ಎರಡನೆಯ ಗಂತಿಯಲ್ಲಿರುವವು ಬಹುಮಟ್ಟಿಗೆ ಔಷಧಕ್ಕೆ ಮಣಿಯದ ಕೋಶಗಳೇ. ಹಾಗಾದರೆ ಒಂದು ಕೋಶವು ಔಷಧವನ್ನು ತಾಳಿಕೊಳ್ಳುವುದಾದರೂ ಹೇಗೆ?

ಅಮಿನಾಪ್ಟೆರಿನ್ನಿನ ಸಮೀಪ ಬಂಧುವೂ, ಇಂದಿಗೂ ಬಳಕೆಯಲ್ಲಿರುವುದೂ ಆದ ಮೆಥೋಟ್ರೆಕ್ಸೇಟ್ ಎಂಬ ಔಷಧವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೋಶವು ಎರಡಾಗಬೇಕಾದರೆ ತನ್ನ ಡಿ.ಎನ್.ಎ.ಯ ಹೊಸ ಪ್ರತಿಯನ್ನು ರಚಿಸಿಕೊಳ್ಳಬೇಕು. ಈ ರಚನೆಗೆ ಫೋಲಿಕ್ ಆಮ್ಲದಿಂದ ಉಂಟಾಗುವ ಒಂದು ವಸ್ತು ಅವಶ್ಯಕ. ಅದನ್ನು ಸಿದ್ಧಪಡಿಸುವುದು ಡಿ.ಎಚ್.ಎಫ್.ಆರ್. ಎಂಬ ಕಿಣ್ವ. ಮೆಥೋಟ್ರೆಕ್ಸೇಟಿನ ಅಣುವು ಫೋಲಿಕ್ ಆಮ್ಲದ ಅಣುವನ್ನು ಬಹಳವಾಗಿ ಹೋಲುವುದರಿಂದ, ಬೀಗದೊಳಗೆ ಸಿಕ್ಕಿಕೊಂಡ ಕಳ್ಳ ಕೀಲಿಕೈಯಂತೆ, ಕಿಣ್ವದಲ್ಲಿ ಭದ್ರವಾಗಿ ಕುಳಿತು ಅದರ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಕೋಶದಲ್ಲಿ ೧೦೦ ಕಿಣ್ವದ ಅಣುಗಳಿದ್ದು ಔಷಧದ ೯೫ ಅಣುಗಳು ಒಳಹೊಕ್ಕರೆ, ಕೆಲಸಕ್ಕೆ ಒದಗುವುವು ಐದು ಮಾತ್ರ, ಕೋಶವು ಸಾಯುತ್ತದೆ. ಕಿಣ್ವದ ಅಣುಗಳು ೨೦೦ ಇದ್ದರೆ ೧೦೫ ಉಳಿಯುತ್ತವೆ, ಕೋಶವು ಬದುಕುತ್ತದೆ. ಆದುದರಿಂದ ಔಷಧದ ಫಲವು ಔಷಧದ ಪ್ರಮಾಣವನ್ನು ಮಾತ್ರವೇ ಅಲ್ಲ, ಕಿಣ್ವದ ಪ್ರಮಾಣವನ್ನೂ ಅವಲಂಬಿಸಿದೆ.

ಕಿಣ್ವವು ಹೆಚ್ಚುವ ಒಂದು ಮಾರ್ಗ ೧೯೭೮ರಲ್ಲಿ ಬೆಳಕಿಗೆ ಬಂದಿತು. ರಾಬರ್ಟ್ ಶಿಮ್ಕೆ ಅವರೂ ಅವರ ಸಂಗಡಿಗರೂ ಮೆಥೋಟ್ರೆಕ್ಸೇಟಿಗೆ ಮಣಿಯದ ಕೋಶಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಡಿ.ಎಚ್.ಎಫ್.ಆರ್. ಜೀನಿನ ಪ್ರತಿಗಳೇ ಅನೇಕವಾಗಿರುವುದನ್ನು ತೋರಿಸಿದರು. ಹಾಗಾದರೆ ಜೀನಿನ ಸಂಖ್ಯೆ ಬದಲಾಗದೆಯೇ ಕಿಣ್ವ ಹೆಚ್ಚಬಹುದೇ? ಹೆಚ್ಚಬಹುದು. ಇಲ್ಲಿಯೇ ಕಿರಿಯ ಆರ್.ಎನ್.ಎ.ಗಳ ಪ್ರವೇಶ.

ಜೀನಿನಲ್ಲಿರುವ ಆದೇಶವು ಮೊದಲು ಸಂದೇಶವಾಹಕ ಆರ್.ಎನ್.ಎ. ಎಂಬ ನೀಳವಾದ ಎಳೆಯಾಗಿ ನಕಲಾಗುತ್ತದೆ. ಆ ಎಳೆಯನ್ನು ಅನುಸರಿಸಿ ಪ್ರೋಟೀನು ತಯಾರಾಗುತ್ತದೆ. ಕಿಣ್ವಗಳೂ ಪ್ರೋಟೀನುಗಳೇ. ೧೯೯೩ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಅವರು, ಸುಮಾರು ಒಂದು ಮಿಲಿಮೀಟರು ಉದ್ದದ ಒಂದು ದುಂಡುಹುಳುವಿನಲ್ಲಿ ವಿಚಿತ್ರವಾದ ಸಂಗತಿಯನ್ನು ಕಂಡರು. ಪ್ರೋಟೀನನ್ನೇ ಉಂಟುಮಾಡದ, ಕೇವಲ ೨೨ ಅಕ್ಷರಗಳಷ್ಟು ಉದ್ದದ ಒಂದು ಆರ್.ಎನ್.ಎ. ತುಣುಕು ಬೇರೊಂದು ಜೀನಿನ ಸಂದೇಶಕ್ಕೆ ಅಂಟಿಕೊಂಡು ಅದನ್ನು ಅಡಗಿಸುತ್ತಿದ್ದಿತು. ಇಂಥ ತುಣುಕುಗಳಿಗೆ ಮೈಕ್ರೋ-ಆರ್.ಎನ್.ಎ. ಎಂದು ಹೆಸರು. ಮನುಷ್ಯನಲ್ಲಿ ಇವುಗಳಿಗೆ ಸಂಬಂಧಿಸಿದ ಜೀನುಗಳು ಸಾವಿರಕ್ಕೂ ಮೇಲ್ಪಟ್ಟಿವೆಯೆಂದು ಈಗ ತಿಳಿದಿದೆ. ಈ ಶೋಧಕ್ಕಾಗಿ ಇಬ್ಬರಿಗೂ ೨೦೨೪ರ ನೊಬೆಲ್ ಪಾರಿತೋಷಕ ದೊರೆಯಿತು.

ನಮ್ಮ ಹಳ್ಳಿಗಳ ಕೆರೆಯ ತೂಬಿನ ಬಳಿ ನೀರುಗಂಟಿಯು ಇರುತ್ತಿದ್ದನಷ್ಟೆ. ಕೆರೆಯಲ್ಲಿ ನೀರೆಷ್ಟಿದ್ದರೂ ಗದ್ದೆಗೆ ಹರಿಯುವುದು ಅವನು ಬಿಟ್ಟಷ್ಟೇ. ಮೈಕ್ರೋ-ಆರ್.ಎನ್.ಎ.ಯ ಕೆಲಸವೂ ಅಂತಹುದೇ. ಅದು ಆರ್ಗೊನೋಟ್ ಎಂಬ ಪ್ರೋಟೀನಿನೊಡನೆ ಕೂಡಿಕೊಂಡು, ತನ್ನ ಅಕ್ಷರಗಳಿಗೆ ಜೊತೆಯಾಗುವ ಅಕ್ಷರಗಳುಳ್ಳ ಸಂದೇಶವನ್ನು ಹುಡುಕಿ ಹಿಡಿಯುತ್ತದೆ. ಹಿಡಿದ ಸಂದೇಶದಿಂದ ಪ್ರೋಟೀನು ತಯಾರಾಗುವುದು ಕುಗ್ಗುತ್ತದೆ. ಸಂದೇಶವೂ ಬೇಗನೆ ಶಿಥಿಲವಾಗುತ್ತದೆ. ಗಮನಿಸಬೇಕಾದ ಅಂಶವೇನೆಂದರೆ, ೨೨ ಅಕ್ಷರಗಳೂ ಜೊತೆಗೂಡಬೇಕಾಗಿಲ್ಲ. ಮೊದಲ ತುದಿಯ ಬಳಿಯ ಏಳು ಅಕ್ಷರಗಳು ಹೊಂದಿದರೆ ಅನೇಕ ವೇಳೆ ಸಾಕು. ಆರ್.ಎನ್.ಎ.ಯಲ್ಲಿರುವುದು ನಾಲ್ಕೇ ಬಗೆಯ ಅಕ್ಷರಗಳಾದ್ದರಿಂದ ಏಳು ಅಕ್ಷರಗಳ ಜೋಡಣೆಗಳ ಸಂಖ್ಯೆ ನಾಲ್ಕರ ಏಳನೆಯ ಘಾತ, ಎಂದರೆ ೧೬,೩೮೪. ಇಂಥ ಚಿಕ್ಕ ಗುರುತು ಬೇರೆ ಬೇರೆ ಸಂದೇಶಗಳಲ್ಲಿ ಮೇಲಿಂದ ಮೇಲೆ ಬರುವುದು ಸಹಜ. ಆದುದರಿಂದಲೇ ಒಂದು ಮೈಕ್ರೋ-ಆರ್.ಎನ್.ಎ. ನೂರಾರು ಜೀನುಗಳ ಮೇಲೆ ಪ್ರಭಾವ ಬೀರಬಲ್ಲದು. ಈ ಮಾತನ್ನು ನೆನಪಿನಲ್ಲಿಡೋಣ, ಮುಂದೆ ಬೇಕಾಗುತ್ತದೆ.

ಈಗ ಮೆಥೋಟ್ರೆಕ್ಸೇಟಿಗೆ ಹಿಂದಿರುಗೋಣ. ಡಿ.ಎಚ್.ಎಫ್.ಆರ್. ಸಂದೇಶದ ತುದಿಗೆ ಮಿರ್-೨೪ ಎಂಬ ಮೈಕ್ರೋ-ಆರ್.ಎನ್.ಎ. ಅಂಟಿಕೊಂಡು ಕಿಣ್ವದ ಉತ್ಪತ್ತಿಯನ್ನು ಮಿತಿಯಲ್ಲಿಡುತ್ತದೆ. ಕೆಲವರ ಜೀನಿನಲ್ಲಿ ಈ ಸ್ಥಾನದ ಸಮೀಪ ಒಂದೇ ಒಂದು ಅಕ್ಷರ ವ್ಯತ್ಯಾಸವಾಗಿ, ಸಿ ಇರಬೇಕಾದ ಕಡೆ ಟಿ ಇರುತ್ತದೆ. ಇಂಥ ಸಂದೇಶದ ಮೇಲೆ ಮಿರ್-೨೪ರ ಹತೋಟಿ ತಪ್ಪುವುದೆಂದೂ, ಕಿಣ್ವವು ಹೆಚ್ಚಿ ಕೋಶವು ಮೆಥೋಟ್ರೆಕ್ಸೇಟನ್ನು ತಾಳಿಕೊಳ್ಳುವುದೆಂದೂ ೨೦೦೭ರಲ್ಲಿ ಪ್ರಯೋಗಶಾಲೆಯ ಕೋಶಗಳಲ್ಲಿ ತೋರಿಸಲಾಯಿತು. ಕೆರೆಯ ನೀರು ಹೆಚ್ಚಲಿಲ್ಲ. ತೂಬಿನ ಹತೋಟಿ ತಪ್ಪಿತು, ಅಷ್ಟೆ. ಆದರೂ ಪರಿಣಾಮದ ದಿಕ್ಕು ಶಿಮ್ಕೆಯವರು ಕಂಡದ್ದೇ.

ಔಷಧಕ್ಕೆ ಮಣಿಯದಿರುವ ಮಾರ್ಗ ಇದೊಂದೇ ಅಲ್ಲ. ಬಹುತೇಕ ಔಷಧಗಳು ಕೋಶಕ್ಕೆ ಹಾನಿಮಾಡಿ, ಅದು ತಾನಾಗಿಯೇ ಸಾಯುವಂತೆ ಪ್ರೇರಿಸುತ್ತವೆ. ಬಿ.ಸಿ.ಎಲ್.-೨ ಎಂಬ ಪ್ರೋಟೀನು ಈ ಸಾವನ್ನು ತಡೆಯುತ್ತದೆ. ವಯಸ್ಕರಲ್ಲಿ ಕಾಣುವ ಒಂದು ಬಗೆಯ ದೀರ್ಘಕಾಲದ ಲ್ಯುಕೇಮಿಯಾದಲ್ಲಿ ಮಿರ್-೧೫ ಮತ್ತು ಮಿರ್-೧೬ ಎಂಬುವುಗಳ ಜೀನುಗಳಿರುವ ವರ್ಣತಂತುವಿನ ಭಾಗವೇ ಅನೇಕ ರೋಗಿಗಳಲ್ಲಿ ಲುಪ್ತವಾಗಿರುವುದನ್ನು ಕಾರ್ಲೊ ಕ್ರೋಚೆ ಅವರ ತಂಡವು ೨೦೦೨ರಲ್ಲಿ ಕಂಡಿತು. ಇವೆರಡೂ ಬಿ.ಸಿ.ಎಲ್.-೨ನ್ನು ಅಡಗಿಸುವಂಥವೆಂದು ೨೦೦೫ರಲ್ಲಿ ತಿಳಿಯಿತು. ೨೦೦೮ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಹಲವು ಔಷಧಗಳಿಗೆ ಮಣಿಯದ ಜಠರದ ಕ್ಯಾನ್ಸರ್ ಕೋಶಗಳಿಗೆ ಇದೇ ಗುಂಪಿನ ಮೈಕ್ರೋ-ಆರ್.ಎನ್.ಎ.ಗಳನ್ನು ಒದಗಿಸಿದಾಗ ಅವು ಔಷಧಕ್ಕೆ ಪುನಃ ಬಗ್ಗಿದುವು. ಇದಕ್ಕೆ ವಿರುದ್ಧವಾದ ಉದಾಹರಣೆ ಮಿರ್-೨೧. ಇದು ಅನೇಕ ಗಂತಿಗಳಲ್ಲಿ ಅತಿಯಾಗಿದ್ದು, ಕೋಶದ ಬೆಳವಣಿಗೆಗೆ ಕಡಿವಾಣವಾದ ಪಿ.ಟಿ.ಇ.ಎನ್. ಎಂಬ ಪ್ರೋಟೀನನ್ನು ಕುಗ್ಗಿಸುತ್ತದೆ. ಎಂದ ಮೇಲೆ ಮೈಕ್ರೋ-ಆರ್.ಎನ್.ಎ.ಗಳನ್ನು ಮಿತ್ರರೆಂದೋ ಶತ್ರುಗಳೆಂದೋ ಒಂದೇ ಮಾತಿನಲ್ಲಿ ಹೇಳಲಾಗದು. ಅವು ಯಾವ ಸಂದೇಶವನ್ನು ಅಡಗಿಸುತ್ತವೆ ಎಂಬುದೇ ಮುಖ್ಯ.

ಹಾಗಿದ್ದರೆ ಕೊರತೆಯಾದ ಮೈಕ್ರೋ-ಆರ್.ಎನ್.ಎ.ಯನ್ನೇ ಔಷಧವಾಗಿ ಕೊಡಬಾರದೇಕೆ? ಈ ಪ್ರಯತ್ನವೂ ನಡೆಯಿತು. ಕ್ಯಾನ್ಸರನ್ನು ತಡೆಯುವ ಮಿರ್-೩೪ರ ಕೃತಕ ಪ್ರತಿಯನ್ನು ಕೊಬ್ಬಿನ ಸೂಕ್ಷ್ಮ ಕೋಶಿಕೆಗಳಲ್ಲಿ ತುಂಬಿ ರೋಗಿಗಳಿಗೆ ಕೊಡುವ ಪರೀಕ್ಷೆ ೨೦೧೩ರಲ್ಲಿ ಆರಂಭವಾಯಿತು. ಕೆಲವರಲ್ಲಿ ಗಂತಿ ಕುಗ್ಗಿತಾದರೂ, ಇತರ ಕೆಲವರಲ್ಲಿ ದೇಹದ ರೋಗರಕ್ಷಕ ವ್ಯವಸ್ಥೆಯೇ ಉದ್ರೇಕಗೊಂಡು ಗಂಡಾಂತರವಾದುದರಿಂದ ೨೦೧೬ರಲ್ಲಿ ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು. ಹೊರಗಿನ ಆರ್.ಎನ್.ಎ.ಯನ್ನು ಕಂಡರೆ ದೇಹವು ಅದನ್ನು ವೈರಸ್ಸೆಂದು ಬಗೆದು ಹೋರಾಡಬಹುದು. ಇದಲ್ಲದೆ, ಒಂದು ಮೈಕ್ರೋ-ಆರ್.ಎನ್.ಎ. ನೂರಾರು ಜೀನುಗಳನ್ನು ಮುಟ್ಟುತ್ತದೆಂದು ಹಿಂದೆ ಹೇಳಿದೆವಷ್ಟೆ. ಒಂದು ಗದ್ದೆಗಾಗಿ ತೂಬನ್ನು ತಿರುಗಿಸಿದರೆ ಊರಿನ ಗದ್ದೆಗಳಿಗೆಲ್ಲ ಅದರ ಪರಿಣಾಮ ತಟ್ಟುತ್ತದೆ. ಬಟ್ಟಲಿನಲ್ಲಿ ಬೆಳೆಸಿದ ಕೋಶಗಳಲ್ಲಿ ಕಂಡ ಜಯವು ಮನುಷ್ಯದೇಹದಲ್ಲಿಯೂ ಜಯವಾಗಬೇಕೆಂಬ ನಿಯಮವಿಲ್ಲ.

ಫಾರ್ಬರ್ ಅವರು ಚಿಕಿತ್ಸೆಮಾಡಿದ ಮಕ್ಕಳಿಗೆ ದೊರೆತದ್ದು ಕೆಲವು ತಿಂಗಳ ಬಿಡುವು ಮಾತ್ರ. ಇಂದು ಹಲವು ಔಷಧಗಳನ್ನು ಒಟ್ಟುಗೂಡಿಸಿ ಕೊಡುವುದರಿಂದ, ಒಳ್ಳೆಯ ಚಿಕಿತ್ಸೆ ದೊರೆಯುವೆಡೆಗಳಲ್ಲಿ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾಕ್ಕೆ ಒಳಗಾದ ಮಕ್ಕಳಲ್ಲಿ ಬಹುಮಂದಿ ಗುಣಹೊಂದುತ್ತಾರೆ. ಒಂದು ಔಷಧವನ್ನು ತಾಳಿಕೊಂಡ ಕೋಶವು ಮತ್ತೊಂದಕ್ಕೆ ಬಲಿಯಾಗುವುದೇ ಇದರ ಗುಟ್ಟು. ಆದರೂ ರೋಗ ಮರುಕಳಿಸುವ ಮಕ್ಕಳು ಇಂದಿಗೂ ಇದ್ದಾರೆ. ಯಾವ ಕೋಶ ಯಾವ ಔಷಧಕ್ಕೆ ಮಣಿಯಲಾರದೆಂಬುದನ್ನು ಮೈಕ್ರೋ-ಆರ್.ಎನ್.ಎ.ಗಳ ಪ್ರಮಾಣದಿಂದ ಮೊದಲೇ ಅರಿಯುವಂತಾದರೆ, ನಿಷ್ಫಲವಾದ ಔಷಧದ ಯಾತನೆಯನ್ನು ರೋಗಿಗೆ ತಪ್ಪಿಸಬಹುದು. ಈ ಕೆಲಸ ಇನ್ನೂ ಮುಗಿದಿಲ್ಲ. ಇಂದು ಶಾಲೆಯ ಬೆಂಚಿನ ಮೇಲೆ ಕುಳಿತು ಇದನ್ನು ಓದುತ್ತಿರುವವರಿಗೂ ಅದರಲ್ಲಿ ಪಾಲಿದೆ.