ಕಪ್ಪು ತಲೆ ಹುಳು ಮತ್ತು ಅದರ ಪರೋಪಜೀವಿ ಕಣಜ



ಭದ್ರಾ ನಾಲೆಯ ಆಸರೆಯಲ್ಲಿ ದಾವಣಗೆರೆ, ಹರಿಹರದ ಸುತ್ತಮುತ್ತ ಅಡಿಕೆ ತೋಟಗಳು ಬೆಳೆದಿವೆ. ತೋಟದ ಬದುವಿನಲ್ಲಿ ಒಂದೆರಡು ಸಾಲು ತೆಂಗು ಇರುವುದು ವಾಡಿಕೆ. ಬೇಸಿಗೆಯಲ್ಲಿ ಈ ತೆಂಗಿನ ಕೆಳಗಿನ ಗರಿಗಳು ಬೆಂಕಿ ತಾಗಿದಂತೆ ಒಣಗಿ ಕಾಣುವುದುಂಟು. ನೀರು ಸಾಲದೆಂದು ತಿಳಿದು ನಾವು ಸುಮ್ಮನಾಗುತ್ತೇವೆ. ಒಂದು ಗರಿಯನ್ನು ಕೊಯ್ದು ಮಗುಚಿ ನೋಡಿರಿ. ಎಲೆಯ ಅಡಿಯಲ್ಲಿ ನೂಲು ಮತ್ತು ಹಿಕ್ಕೆಯಿಂದ ಕಟ್ಟಿದ ಕೊಳವೆಗಳಿದ್ದರೆ ಅದು ಕಪ್ಪು ತಲೆ ಹುಳುವಿನ ಕೆಲಸ. ಹುಳು ಕೊಳವೆಯೊಳಗೆ ಅಡಗಿ ಎಲೆಯ ಹಸಿರನ್ನು ಕೆರೆದು ತಿನ್ನುತ್ತದೆ. ಹಸಿರು ಹೋದ ಮರದಲ್ಲಿ ಕಾಯಿ ಕಡಿಮೆಯಾಗುತ್ತದೆ.

ಹುಳುವಿನ ಬಾಳು

ಪತಂಗವು ಎಲೆಯ ಅಡಿಯಲ್ಲಿ, ಹಳೆಯ ಕೊಳವೆಗಳ ಬಳಿ ಮೊಟ್ಟೆಯಿಡುತ್ತದೆ. ಮೊಟ್ಟೆ ಒಡೆಯಲು ಸುಮಾರು 5 ದಿನ, ಹುಳುವಾಗಿ ತಿನ್ನುವುದು ಸುಮಾರು 40 ದಿನ, ಕೋಶದಲ್ಲಿ ಇರುವುದು ಸುಮಾರು 12 ದಿನ. ಅಂದರೆ ಎರಡು ತಿಂಗಳಿಗೊಂದು ತಲೆಮಾರು. ಈ ಲೆಕ್ಕವನ್ನು ನೆನಪಿನಲ್ಲಿಡಬೇಕು. ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ.

ಕಣಜದ ಬಾಳು

ಹೇನು, ಉಣ್ಣೆಗಳೂ ಪರೋಪಜೀವಿಗಳೇ. ಆದರೆ ಅವು ರಕ್ತ ಹೀರುತ್ತವೆಯೇ ಹೊರತು ಸಾಮಾನ್ಯವಾಗಿ ಆಶ್ರಯ ಕೊಟ್ಟ ಪ್ರಾಣಿಯನ್ನು ಕೊಲ್ಲುವುದಿಲ್ಲ. ಪರೋಪಜೀವಿ ಕಣಜದ ಮರಿಗಳು ಹಾಗಲ್ಲ. ತಮಗೆ ಆಹಾರವಾದ ಹುಳುವನ್ನು ಕೊಂದೇ ಬೆಳೆಯುತ್ತವೆ. ಕಪ್ಪು ತಲೆ ಹುಳುವಿನ ಮೇಲೆ ಬಿಡುವ ಗೋನಿಯೋಜಸ್ ನೆಫಾಂಟಿಡಿಸ್ ಇಂಥದೊಂದು ಪುಟ್ಟ ಕಪ್ಪು ಕಣಜ, ಗಾತ್ರದಲ್ಲಿ ಸಣ್ಣ ಇರುವೆಯಷ್ಟು.

ಹೆಣ್ಣು ಕಣಜವು ಕೊಳವೆ ಮತ್ತು ಹಿಕ್ಕೆಯ ವಾಸನೆ ಹಿಡಿದು ಹುಳುವನ್ನು ಹುಡುಕುತ್ತದೆ. ಒಳಹೊಕ್ಕು ಕುಟುಕುತ್ತದೆ. ಹುಳು ಸಾಯುವುದಿಲ್ಲ, ಕೈಕಾಲು ಬಿದ್ದವರಂತೆ ನಿಶ್ಚಲವಾಗುತ್ತದೆ. ಅನಂತರ ಕಣಜವು ಅದರ ಮೈಮೇಲೆ ಮೊಟ್ಟೆಗಳನ್ನಿಡುತ್ತದೆ. ಹುಳು ದೊಡ್ಡದಾದಷ್ಟೂ ಮೊಟ್ಟೆ ಹೆಚ್ಚು. ಮರಿಗಳು ಹೊರಗಿನಿಂದಲೇ ಹುಳುವಿನ ರಸ ಹೀರಿ, ಪಕ್ಕದಲ್ಲೇ ನೂಲಿನ ಗೂಡು ಕಟ್ಟಿಕೊಳ್ಳುತ್ತವೆ. ಮೊಟ್ಟೆಯಿಟ್ಟ ಸುಮಾರು ಎರಡು ವಾರಗಳಲ್ಲಿ ಹೊಸ ಕಣಜಗಳು ಹೊರಬರುತ್ತವೆ. ಹುಳುವಿನ ಒಂದು ತಲೆಮಾರು ಮುಗಿಯುವಷ್ಟರಲ್ಲಿ ಕಣಜದ ಮೂರು ನಾಲ್ಕು ತಲೆಮಾರುಗಳಾಗಬಲ್ಲವು.

ಕೀಟಗಳಲ್ಲಿ ಅಪರೂಪವಾದ ಒಂದು ಗುಣ ಈ ಕಣಜಕ್ಕಿದೆ. ತಾಯಿ ಮೊಟ್ಟೆಯಿಟ್ಟು ಹಾರಿಹೋಗುವುದಿಲ್ಲ. ಮರಿಗಳು ಗೂಡು ಕಟ್ಟುವ ತನಕ ಕಾವಲಿರುತ್ತದೆ. ಬೇರೊಂದು ಹೆಣ್ಣು ಬಂದರೆ ಕಾದಾಡುತ್ತದೆ. ಸೋತರೆ, ಗೆದ್ದವಳು ಹಳೆಯ ಮೊಟ್ಟೆಗಳನ್ನು ನಾಶಮಾಡಿ ತನ್ನವನ್ನಿಡುವುದುಂಟು. ಒಂದು ಸಂಸಾರದಲ್ಲಿ ಗಂಡು ಒಂದೆರಡು ಮಾತ್ರ, ಉಳಿದವೆಲ್ಲ ಹೆಣ್ಣು. ನಮಗೆ ಇದೇ ಲಾಭ, ಹುಳು ಹುಡುಕಿ ಕುಟುಕುವುದು ಹೆಣ್ಣೇ ತಾನೆ!

ಕಾಫಿ ಬೆಳೆಗಾರರಿಗೂ ಇದರ ದಾಯಾದಿಯ ಪರಿಚಯ ಇರಬೇಕು. ಕಾಫಿ ಕಾಯಿಕೊರಕವು ಭಾರತದಲ್ಲಿ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡಿತು. ಅದರ ಮೇಲೆ ಬಿಡಲು 1995ರಲ್ಲಿ ಮೆಕ್ಸಿಕೋದಿಂದ ತರಿಸಿದ ಸೆಫಲೋನೋಮಿಯಾ ಕಣಜವೂ ಇದೇ ಕುಟುಂಬದ್ದು. ಅದು ಕೊರಕ ತೋಡಿದ ತೂತಿನಿಂದಲೇ ಕಾಯಿಯೊಳಗೆ ಹೊಕ್ಕು ಅದರ ಮರಿಹುಳು ಮತ್ತು ಕೋಶಗಳ ಮೇಲೆ ಮೊಟ್ಟೆಯಿಡುತ್ತದೆ.

ವಯಸ್ಸು ನೋಡಿ ಬಿಡಿರಿ

ಪ್ರತಿ ಪರೋಪಜೀವಿಗೂ ತನ್ನದೇ ಆದ ಸಮಯವಿದೆ. ಗೋನಿಯೋಜಸ್‌ಗೆ ಬೇಕಾದುದು ಬಲಿತ ಹುಳು. ತೀರ ಎಳೆಯ ಹುಳುವನ್ನು ಅಪಾಂಟಿಲಿಸ್ ಎಂಬ ಕಣಜ ಹಿಡಿಯುತ್ತದೆ. ಕೋಶ ಕಟ್ಟಲು ಸಿದ್ಧವಾದ ಹುಳುವಿಗೆ ಎಲಾಸ್ಮಸ್, ಕೋಶಕ್ಕೆ ಬ್ರಾಕಿಮೇರಿಯಾ. ತೋಟದ ತುಂಬ ಬರೇ ಕೋಶಗಳಿರುವಾಗ ಗೋನಿಯೋಜಸ್ ತಂದು ಬಿಟ್ಟರೆ ಅವು ಮೊಟ್ಟೆಯಿಡಲು ತಾವಿಲ್ಲದೆ ಸಾಯುತ್ತವೆ. ಆಗ “ಕಣಜದಿಂದ ಏನೂ ಆಗಲಿಲ್ಲ” ಎಂದು ದೂರಿ ಫಲವಿಲ್ಲ. ತಪ್ಪು ನಮ್ಮ ಲೆಕ್ಕದ್ದು.

ಆದುದರಿಂದ ಬಿಡುವ ಮುನ್ನ ನಾಲ್ಕಾರು ಮರಗಳಿಂದ ಗರಿ ಕೊಯ್ದು ಕೊಳವೆಗಳನ್ನು ಬಿಡಿಸಿ ನೋಡಬೇಕು. ಬಲಿತ ಹುಳುಗಳು ಹೆಚ್ಚಿದ್ದರೆ ಅದೇ ಸಮಯ. ಸಾಮಾನ್ಯವಾಗಿ ಮರಕ್ಕೆ 10ರಿಂದ 20 ಕಣಜಗಳಂತೆ, 15 ದಿನಕ್ಕೊಮ್ಮೆ, ಹಲವು ಸಲ ಬಿಡುವುದು ರೂಢಿ. ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ, ಇರುವೆ ಮುತ್ತದ ಕಡೆ ಬಿಡಬೇಕು. ಕಣಜ ಎಲ್ಲಿ ದೊರೆಯುತ್ತದೆಂದು ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಾಗಲಿ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ವಿಚಾರಿಸಿರಿ.

ಇನ್ನೆರಡು ಎಚ್ಚರಿಕೆ. ಕೀಟನಾಶಕ ಸಿಂಪಡಿಸಿದ ಮರಕ್ಕೆ ಒಡನೆಯೇ ಕಣಜ ಬಿಡಬಾರದು. ವಿಷಕ್ಕೆ ಹುಳುವಿಗಿಂತ ಮೊದಲು ಕಣಜವೇ ಬಲಿ. ಎರಡನೆಯದು, ಒಣಗಿದ ಗರಿಗಳನ್ನು ಕೊಯ್ದು ಸುಡುವುದು ಒಳ್ಳೆಯ ಕ್ರಮವಾದರೂ ಸುಡುವ ಮುನ್ನ ಕೊಳವೆ ಬಿಡಿಸಿ ನೋಡಿರಿ. ಚಲಿಸದ, ಬಾಡಿದ ಹುಳು ಮತ್ತು ಅದರ ಪಕ್ಕದಲ್ಲಿ ಒತ್ತೊತ್ತಾಗಿ ಅಕ್ಕಿಕಾಳಿಗಿಂತ ಸಣ್ಣ ಗೂಡುಗಳು ಕಂಡರೆ ಆ ಗರಿಯನ್ನು ಸುಡದೆ ಬೇರೆ ಹುಳು ಬಿದ್ದ ಮರದ ಬುಡಕ್ಕೆ ಕಟ್ಟಿರಿ. ಅದು ಪೀಡೆಯ ಮೊಟ್ಟೆಯಲ್ಲ. ಕೂಲಿಯಿಲ್ಲದೆ ನಿಮ್ಮ ತೋಟದಲ್ಲಿ ದುಡಿಯಲಿರುವ ಆಳುಗಳ ತೊಟ್ಟಿಲು.