ಬ್ಯಾಟರಿಗೆ ಮೂರು ಸಲ ಕೊಟ್ಟ ದುಡ್ಡು

ನಮ್ಮ ಮನೆಯ ಖರ್ಚಿನ ಪುಸ್ತಕದಲ್ಲಿ ‘ಸೋಲಾರ್ ಬ್ಯಾಟರಿ’ ಎಂಬ ನಮೂದು ಮೂರು ಕಡೆ ಇದೆ. 2016ರ ಮೇ ತಿಂಗಳಲ್ಲಿ 9,200 ರೂಪಾಯಿ, 2019ರ ಜೂನ್‌ನಲ್ಲಿ 10,800, 2022ರ ಮೇ ತಿಂಗಳಲ್ಲಿ 12,500. ಲೆಕ್ಕ ಬರೆದಿಡುವ ರೂಢಿ ಅಪ್ಪನಿಂದ ಬಂದದ್ದು. ಅಡಿಕೆ ಕೊಟ್ಟ ದಿನ, ಹಿಂಡಿ ತಂದ ದಿನ, ಮೈಲುತುತ್ತು ತಂದ ದಿನ ಎಲ್ಲವೂ ಆ ಪುಸ್ತಕದಲ್ಲಿವೆ. ಮೂರನೆಯ ಬ್ಯಾಟರಿಯ ಲೆಕ್ಕ ಬರೆಯುವಾಗ ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಹೆಚ್ಚುಕಡಿಮೆ ಮೂರು ವರ್ಷಕ್ಕೊಂದು. ಚೆನ್ನಾಗಿ ನೋಡಿಕೊಂಡರೆ ಐದಾರು ವರ್ಷ ಬಾಳುವ ವಸ್ತು ಪ್ರತಿ ಸಲವೂ ಅರ್ಧ ಆಯುಷ್ಯಕ್ಕೇ ಮುಗಿಯುತ್ತಿದೆಯಲ್ಲ, ಯಾಕೆ ಎಂಬ ಪ್ರಶ್ನೆ ಮೊದಲ ಬಾರಿಗೆ ಎದ್ದದ್ದು ಆಗ.

ನಾನು ಕೆಲಸಕ್ಕಾಗಿ ಇರುವುದು ಮೂಡುಬಿದಿರೆಯಲ್ಲಿ. ಹಿರಿಯರ ಹಂಚಿನ ಮನೆ ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದಲ್ಲಿ. ಅಲ್ಲಿ ಅಮ್ಮ, ತಮ್ಮನ ಸಂಸಾರ. ವೇಣೂರು, ಗುರುವಾಯನಕೆರೆ ದಾಟಿ ಶನಿವಾರ ಸಂಜೆ ಮನೆ ಸೇರುತ್ತೇನೆ. ಮಳೆಗಾಲದಲ್ಲಿ ಲೈನ್ ಮೇಲೆ ಒಂದು ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇಲ್ಲ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯ ಕಡೆ ನೆರೆ ಬಂದಾಗ ಮನೆಯವರಿಗೆ ಆಸರೆಯಾದದ್ದು ಮಾಡಿನ ಮೇಲಿನ 100 ವ್ಯಾಟ್‌ನ ಒಂದು ಪ್ಯಾನೆಲ್ ಮತ್ತು 12 ವೋಲ್ಟ್‌ನ ನಾಲ್ಕು ದೀಪಗಳು. 1995ರಲ್ಲಿ ಸೆಲ್ಕೊ ಸಂಸ್ಥೆ ಹುಟ್ಟಿದ ಮೇಲೆ, ಬ್ಯಾಂಕ್‌ಗಳೂ ಸಾಲ ಕೊಡತೊಡಗಿದ ಮೇಲೆ, ನಮ್ಮ ಜಿಲ್ಲೆಯ ಎಷ್ಟೋ ತೋಟದ ಮನೆಗಳಿಗೆ ಇಂಥ ದೀಪಗಳು ಬಂದವು. ಅವುಗಳಲ್ಲಿ ಹಲವು ಈಗ ಹಳತಾಗಿವೆ. ಹಾಗಾಗಿ ಈ ಅಂಕಣ ನನ್ನ ಮನೆಯೊಂದರ ಕತೆಯಲ್ಲ.

ಮಾವ ಮೀಟರ್ ಹಿಡಿದರು

ನನ್ನ ಅತ್ತೆಯ ಗಂಡ ಪಾಣೆಮಂಗಳೂರಿನವರು. ಮಂಗಳೂರಿನ ದಕ್ಕೆಯಲ್ಲಿ ಮೀನಿನ ಬೋಟ್‌ಗಳ ಎಂಜಿನ್, ಬ್ಯಾಟರಿ, ವಯರಿಂಗ್ ಕೆಲಸ ಮಾಡಿಯೇ ಜೀವನ ಕಳೆದವರು. ಹೊಸ ಬ್ಯಾಟರಿ ಬಂದ ವಾರ ಅವರು ಮನೆಗೆ ಬಂದಿದ್ದರು. ನಾನು ಪುಸ್ತಕ ತೋರಿಸಿ, “ಮಾವ, ಈಗಿನ ಬ್ಯಾಟರಿಗಳು ಮೊದಲಿನ ಹಾಗೆ ಬಾಳುವುದಿಲ್ಲ ಅಲ್ಲವಾ?” ಎಂದೆ.

“ಬ್ಯಾಟರಿ ಹೋದದ್ದು ಹೌದು. ಯಾಕೆ ಹೋಯಿತು ಅಂತ ಅಳೆದು ನೋಡಿದ್ದೀಯಾ?” ಎಂದು ಕೇಳಿದರು. ಇಲ್ಲ ಎಂದೆ. “ಬೋಟ್‌ನಲ್ಲಿ ನಡುಕಡಲಲ್ಲಿ ಲೈಟ್ ಹೋದರೆ ಲೈನ್‌ಮನ್ ಬರುವುದಿಲ್ಲ ಮಾರಾಯ. ಮೊದಲು ಮೀಟರ್, ಆಮೇಲೆ ಸ್ಪ್ಯಾನರ್, ಅಂಗಡಿಗೆ ಹೋಗುವುದು ಎಲ್ಲಕ್ಕಿಂತ ಕೊನೆಗೆ.”

ಮರುದಿನ ಬಿ.ಸಿ. ರೋಡಿಗೆ ಹೋಗಿ 650 ರೂಪಾಯಿಗೆ ಒಂದು ಡಿಜಿಟಲ್ ಮಲ್ಟಿಮೀಟರ್ ತಂದೆವು. ಬಿಸಿಲು ಚೆನ್ನಾಗಿದ್ದ ಹನ್ನೊಂದು ಗಂಟೆ. ಪ್ಯಾನೆಲ್‌ನಿಂದ 5 ಆಂಪಿಯರ್‌ನಷ್ಟು ಕರೆಂಟ್ ಬರುತ್ತಿತ್ತು. ಚಾವಡಿಯ ಗೋಡೆಯಲ್ಲಿದ್ದ ಚಾರ್ಜ್ ಕಂಟ್ರೋಲರ್‌ನ ಬ್ಯಾಟರಿ ಪಿನ್‌ಗಳಿಗೆ ಮೀಟರ್ ಹಿಡಿದರೆ 14.4 ವೋಲ್ಟ್. ಹಿಂದಿನ ಜಗಲಿಗೆ ಹೋಗಿ ಬ್ಯಾಟರಿಯ ಟರ್ಮಿನಲ್‌ಗೇ ಹಿಡಿದರೆ 13.2. ಆರು ಮೀಟರ್ ದೂರದಲ್ಲಿ 1.2 ವೋಲ್ಟ್ ಕಾಣೆ.

ಆ ಆರು ಮೀಟರ್ ವಯರ್ ಎಳೆದವರು ನಾವೇ. ಮನೆಗೆ ಹೊಸ ನೆಲ ಹಾಕಿಸುವಾಗ, ಆಸಿಡ್ ವಾಸನೆ ಚಾವಡಿಯಲ್ಲಿ ಬೇಡವೆಂದು ಬ್ಯಾಟರಿಯನ್ನು ಜಗಲಿಗೆ ಸಾಗಿಸಿದ್ದೆವು. ಮನೆಯಲ್ಲಿ ಉಳಿದಿದ್ದ 1 ಚದರ ಮಿಲಿಮೀಟರ್ ವಯರ್ ಅನ್ನೇ ಹಳೆಯದಕ್ಕೆ ಹೊಸೆದು, ಮೇಲೆ ಟೇಪ್ ಸುತ್ತಿದ್ದೆವು. ಮಾವ ಆ ಟೇಪ್ ಬಿಚ್ಚಿದರು. ಅಂಟು ಕರಗಿ ಕಪ್ಪಾಗಿತ್ತು. ಒಳಗಿನ ತಾಮ್ರ ಹಸಿರುಗಟ್ಟಿತ್ತು. ಬೆರಳಲ್ಲಿ ಉಜ್ಜಿದರೆ ಕಿಲುಬು ಪುಡಿಯಾಗಿ ಉದುರಿತು, ಜೊತೆಗೆ ನಾಲ್ಕೈದು ಎಳೆಗಳೂ ಮುರಿದು ಬಂದವು. ಉಪ್ಪುಗಾಳಿಗೆ ತಾಮ್ರ ಬೇಗ ಕೆಡುತ್ತದೆಂದು ಒಳ್ಳೆಯ ಬೋಟ್‌ಗಳಿಗೆ ಕಲಾಯಿ ಹಾಕಿದ ತಾಮ್ರದ ವಯರ್ ಬಳಸುತ್ತಾರಂತೆ. ಘಟ್ಟದ ಬುಡದಲ್ಲಿ ಉಪ್ಪಿಲ್ಲ ನಿಜ, ಆದರೆ ನಾಲ್ಕು ತಿಂಗಳ ಥಂಡಿ ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ.

ಲೆಕ್ಕ ಸರಳ. 1 ಚದರ ಮಿಲಿಮೀಟರ್ ತಾಮ್ರದ ವಯರ್‌ಗೆ ಕಿಲೋಮೀಟರಿಗೆ ಸುಮಾರು 18 ಓಮ್ ತಡೆ. ಹೋಗಿ ಬರುವ ದಾರಿ 12 ಮೀಟರ್ ಎಂದರೆ 0.22 ಓಮ್. ಅದರಲ್ಲಿ 5 ಆಂಪಿಯರ್ ಹರಿದರೆ 1.1 ವೋಲ್ಟ್ ವಯರ್‌ನಲ್ಲೇ ಕಳೆದುಹೋಗುತ್ತದೆ, ಉಳಿದದ್ದು ಆ ಕಿಲುಬಿನಲ್ಲಿ. 230 ವೋಲ್ಟ್‌ನ ಲೈನ್‌ನಲ್ಲಿ ಒಂದು ವೋಲ್ಟ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. 12 ವೋಲ್ಟ್‌ನಲ್ಲಿ ಅದು ಹನ್ನೆರಡರಲ್ಲೊಂದು ಪಾಲು. ಕಂಟ್ರೋಲರ್‌ಗೆ ಕಾಣುವುದು ತನ್ನ ಪಿನ್‌ನ 14.4 ಮಾತ್ರ. ಬ್ಯಾಟರಿ ತುಂಬುತ್ತಾ ಬಂತೆಂದು ತಿಳಿದು ಅದು ಕರೆಂಟ್ ಇಳಿಸತೊಡಗುತ್ತಿತ್ತು. ಬ್ಯಾಟರಿ ಪ್ರತಿ ಸಂಜೆಯೂ ಅರೆಹೊಟ್ಟೆಯಲ್ಲೇ ಕೆಲಸಕ್ಕೆ ಇಳಿಯುತ್ತಿತ್ತು. ಪೂರ್ತಿ ಚಾರ್ಜ್ ಆಗದ ಲೆಡ್ ಆಸಿಡ್ ಬ್ಯಾಟರಿಯ ಪ್ಲೇಟ್‌ಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಕರಗುವುದಿಲ್ಲ. ಮೂರು ವರ್ಷಕ್ಕೆ ಬ್ಯಾಟರಿ ಮುಗಿಯುತ್ತಿದ್ದದ್ದು ಹೀಗೆ.

ರೂಪಾಯಿಯ ಲೆಕ್ಕ

6 ಚದರ ಮಿಲಿಮೀಟರ್ ತಾಮ್ರದ ವಯರ್ 12 ಮೀಟರ್‌ಗೆ 1,140 ರೂಪಾಯಿ. ಲಗ್, ಹೀಟ್‌ಶ್ರಿಂಕ್ ಕೊಳವೆ, ಬ್ಯಾಟರಿಯ ಬದಿಗೆ ಒಂದು ಫ್ಯೂಸ್, ಟರ್ಮಿನಲ್‌ಗೆ ಬಳಿಯಲು ಪೆಟ್ರೋಲಿಯಂ ಜೆಲ್ಲಿ, ಎಲ್ಲ ಸೇರಿ 410. ಮೀಟರ್‌ನ ದುಡ್ಡೂ ಸೇರಿದರೆ 2,200. ವಯರ್ ಬದಲಿಸಿ ಮತ್ತೆ ಅಳೆದಾಗ ಎರಡು ತುದಿಗಳ ನಡುವಿನ ವ್ಯತ್ಯಾಸ 0.2 ವೋಲ್ಟ್‌ಗೆ ಇಳಿದಿತ್ತು.

ಈಗ ಹಿಂದಿರುಗಿ ನೋಡಿ. 2016ರಿಂದ 2022ರವರೆಗಿನ ಆರು ವರ್ಷಕ್ಕೆ ಎರಡು ಬ್ಯಾಟರಿಗೆ 20,000 ರೂಪಾಯಿ ಕೊಟ್ಟಿದ್ದೇವೆ. ವಯರ್ ಸರಿಯಿದ್ದಿದ್ದರೆ 9,200ರ ಮೊದಲ ಬ್ಯಾಟರಿಯೇ ಅಷ್ಟು ಕಾಲ ಬಾಳುತ್ತಿತ್ತು. 10,800 ರೂಪಾಯಿ ಪೂರ್ತಿ ವ್ಯರ್ಥ. ಅದು ಅಮ್ಮ ಅಡಿಕೆ ಸುಲಿದು, ಹೆಕ್ಕಿ, ಬೇರ್ಪಡಿಸಿ ಕೂಡಿಟ್ಟ ದುಡ್ಡು. ನನಗೆ ಇವತ್ತಿಗೂ ನೋವಾಗುವುದು ಅದಕ್ಕೆ. ಮನೆಯ ಹಣ ದೊಡ್ಡ ಸಾಮಾನು ಕೊಳ್ಳುವಾಗ ಹೋಗುತ್ತದೆಂದು ನಾವು ಎಚ್ಚರವಾಗಿರುತ್ತೇವೆ. ಕಾರಣ ತಿಳಿಯದೆ ಅದೇ ಸಾಮಾನನ್ನು ಎರಡನೆಯ ಸಲ ಕೊಳ್ಳುವಾಗ ಮಾತ್ರ ಯೋಚಿಸುವುದೇ ಇಲ್ಲ. ಕೆಟ್ಟ ವಸ್ತುವನ್ನು ಬದಲಿಸುವ ಮೊದಲು ಕೆಟ್ಟ ಕಾರಣವನ್ನು ಅಳೆಯಬೇಕು. ನಾನು ಈ ಅಂಕಣದಲ್ಲಿ ಹೇಳಬೇಕೆಂದಿರುವುದು ಇಷ್ಟೇ.

ನಾವೇ ಮಾಡಿಕೊಳ್ಳುವ ಕೆಲಸ

12 ವೋಲ್ಟ್‌ನ ಈ ವ್ಯವಸ್ಥೆಯಲ್ಲಿ ಮನೆಯವರು ಮಾಡಬಹುದಾದ ಕೆಲಸ ಬಹಳ ಇದೆ, ಎಲ್ಲವೂ ಹೆಚ್ಚುಕಡಿಮೆ ಖರ್ಚಿಲ್ಲದ್ದು. ಎರಡು ತಿಂಗಳಿಗೊಮ್ಮೆ ಆರೂ ಸೆಲ್‌ಗಳ ನೀರಿನ ಮಟ್ಟ ನೋಡಬೇಕು. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿ ನೀರೂ ಬೇಡ, ಆಸಿಡ್ ಅಂತೂ ಬೇಡವೇ ಬೇಡ. ಆವಿಯಾಗಿ ಹೋಗುವುದು ನೀರು, ಆಸಿಡ್ ಒಳಗೇ ಉಳಿದಿರುತ್ತದೆ. ಟರ್ಮಿನಲ್‌ನಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕರಗಿಸಿದ ನೀರಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಜೆಲ್ಲಿ ಬಳಿಯಬೇಕು. ಸೋಡಾ ನೀರು ಸೆಲ್‌ನೊಳಗೆ ಇಳಿಯದಂತೆ ಮುಚ್ಚಳ ಬಿಗಿಯಾಗಿರಲಿ. ಮಳೆ ನಿಂತ ಕೂಡಲೇ ಪ್ಯಾನೆಲ್‌ನ ಪಾಚಿ, ಹಕ್ಕಿ ಹಿಕ್ಕೆ ತೊಳೆಯಬೇಕು. ಒಂದು ಹೈಡ್ರೋಮೀಟರ್ ಇದ್ದರೆ ಸೆಲ್ ಸೆಲ್‌ನ ಆರೋಗ್ಯವೂ ತಿಳಿಯುತ್ತದೆ. ಪೂರ್ತಿ ಚಾರ್ಜ್ ಆದಾಗ ಆಸಿಡ್‌ನ ಸಾಂದ್ರತೆ 1.240ರ ಮೇಲಿರಬೇಕು. ಒಂದೇ ಸೆಲ್ ಉಳಿದವಕ್ಕಿಂತ ಬಹಳ ಕೆಳಗಿದ್ದರೆ ಆಗ ಅಂಗಡಿಯ ಮಾತು.

ವಯರ್ ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಕೈಯ ಉಂಗುರ, ವಾಚ್ ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ಆದರೆ ಸ್ಪ್ಯಾನರ್ ಎರಡು ಟರ್ಮಿನಲ್‌ಗೂ ತಾಗಿದರೆ ಲೋಹ ಕೆಂಪಾಗುವಷ್ಟು ಕರೆಂಟ್ ಹರಿಯುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುವುದರಿಂದ ಹತ್ತಿರ ದೀಪ, ಬೀಡಿ ಬೇಡ, ಗಾಳಿಯಾಡುವ ಜಾಗವಿರಲಿ. ಹಳೆಯ ಬ್ಯಾಟರಿಯನ್ನು ಗುಜರಿಗೆ ಕೊಟ್ಟು ಆಸಿಡ್ ತೋಡಿಗೆ ಸೇರುವಂತೆ ಮಾಡಬೇಡಿ. ಹೊಸದು ಕೊಳ್ಳುವಲ್ಲೇ ಕೊಟ್ಟರೆ ಬೆಲೆಯಲ್ಲಿ ಕಡಿತವೂ ಸಿಗುತ್ತದೆ.

ಕೈ ಹಾಕಬಾರದ ಕೆಲಸ

ಮೆಸ್ಕಾಂನ 230 ವೋಲ್ಟ್‌ನ ವಿಷಯ ಬೇರೆಯೇ. ಅಲ್ಲಿ ವಯರಿಂಗ್ ಮಾಡಬೇಕಾದವರು ಲೈಸೆನ್ಸ್ ಇರುವ ಗುತ್ತಿಗೆದಾರರು. ಕಾನೂನೂ ಅದೇ, ವಿವೇಕವೂ ಅದೇ. ನಮ್ಮ ಮನೆಯಲ್ಲಿ ಮರದ ಪಟ್ಟಿಯ ಮೇಲಿನ ಹಳೆಯ ವಯರಿಂಗ್ ಇತ್ತು, ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ಇತ್ತು. ಫ್ಯೂಸ್ ಪದೇ ಪದೇ ಹೋಗುತ್ತದೆಂದು ಯಾವಾಗಲೋ ಯಾರೋ ಅದಕ್ಕೆ ದಪ್ಪ ತಾಮ್ರದ ಎಳೆ ಕಟ್ಟಿದ್ದರು. ಅಂದರೆ ಅಲ್ಲಿ ಫ್ಯೂಸೇ ಇರಲಿಲ್ಲ. 2023ರಲ್ಲಿ 46,000 ರೂಪಾಯಿ ಕೊಟ್ಟು ಪೂರ್ತಿ ಬದಲಿಸಿದೆವು. ಅದರಲ್ಲಿ 30 ಮಿಲಿಆಂಪಿಯರ್‌ನ ಒಂದು ಆರ್‌ಸಿಸಿಬಿ ಇದೆ. ಯಾರ ಮೈ ಮೂಲಕವಾದರೂ ಕರೆಂಟ್ ನೆಲಕ್ಕೆ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುವ ಸಾಧನ ಅದು. ಒದ್ದೆ ಕೈಯಲ್ಲಿ ಹಟ್ಟಿಯ ಸ್ವಿಚ್ ಮುಟ್ಟುವ ಅಮ್ಮನಿಗೆ ಇದಕ್ಕಿಂತ ಒಳ್ಳೆಯ ವಿಮೆ ಯಾವ ಕಂಪನಿಯೂ ಕೊಡಲಾರದು. ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡುವುದು, ಬೇಸಗೆಯಲ್ಲಿ ಅರ್ತಿಂಗ್ ಗುಂಡಿಗೆ ನೀರು ಹೊಯ್ಯುವುದು, ಇವೆರಡು ಮಾತ್ರ ನಮ್ಮ ಪಾಲಿನ ಕೆಲಸ. ನಮ್ಮ ಮುರಕಲ್ಲಿನ ನೆಲ ಏಪ್ರಿಲ್‌ನಲ್ಲಿ ಪೂರ್ತಿ ಒಣಗಿರುತ್ತದೆ. ಸಿಡಿಲಿನ ಕಾಲ ಶುರುವಾಗುವುದೂ ಆಗಲೇ.

ಕೆಲಸ ಕಲಿಯುವ ಆಸೆಯಿರುವ ಯುವಕ ಯುವತಿಯರಿಗೆ ನಮ್ಮ ತಾಲೂಕಿನಲ್ಲೇ ದಾರಿಯಿದೆ. ಧರ್ಮಸ್ಥಳ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಸ್ವಉದ್ಯೋಗದ ತರಬೇತಿಯನ್ನು ಊಟ, ವಸತಿ ಸಹಿತ ಉಚಿತವಾಗಿ ಕೊಡುತ್ತದೆ. ಮೀಟರ್ ಹಿಡಿಯಬಲ್ಲ ಒಬ್ಬರು ಊರಿನಲ್ಲಿದ್ದರೆ ಎಷ್ಟು ಮನೆಗಳ ದುಡ್ಡು ಉಳಿಯುತ್ತದೆಂದು ಯೋಚಿಸಿ.

ಇನ್ನೊಂದು ಎಚ್ಚರಿಕೆ. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಸಿಗುತ್ತದೆಂದು ಹಳೆಯ ಬ್ಯಾಟರಿ ವ್ಯವಸ್ಥೆಯನ್ನು ಕಿತ್ತುಹಾಕಲು ಕೆಲವರು ಹೊರಟಿದ್ದಾರೆ. ಬ್ಯಾಟರಿಯಿಲ್ಲದ ಆನ್‌ಗ್ರಿಡ್ ಸೋಲಾರ್, ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆ. ಲೈನ್ ರಿಪೇರಿ ಮಾಡುವವರ ಜೀವ ಉಳಿಯಬೇಕಲ್ಲ, ಅದಕ್ಕೆ. ಬಿಲ್ ಇಳಿಸಲು ಅದು ಒಳ್ಳೆಯದೇ, ಆದರೆ ಮಳೆಗಾಲದ ರಾತ್ರಿ ದೀಪ ಉರಿಯಲು ಹಳೆಯ 12 ವೋಲ್ಟ್ ಬೇಕೇ ಬೇಕು. ಕಿತ್ತುಹಾಕಬೇಡಿ, ರಿಪೇರಿ ಮಾಡಿ.

2022ರ ಆ ಬ್ಯಾಟರಿ ಮೂರರ ಗಡಿ ದಾಟಿಯೂ ಗಟ್ಟಿಯಾಗಿದೆ. ಕಳೆದ ಶನಿವಾರ ಮನೆಗೆ ಹೋದಾಗ ಅಮ್ಮ ಖರ್ಚಿನ ಪುಸ್ತಕ ತಂದು ಮುಂದಿಟ್ಟರು. ಅಪ್ಪ ಎಳೆದಿದ್ದ ರೂಪಾಯಿಯ ಕಾಲಂ ಪಕ್ಕದಲ್ಲಿ ಅವರು ಸ್ಕೇಲ್ ಇಟ್ಟು ಇನ್ನೊಂದು ಗೆರೆ ಎಳೆದಿದ್ದಾರೆ. ಅದರಲ್ಲಿ ವಾರಕ್ಕೊಂದರಂತೆ, ಬೆಳಿಗ್ಗೆ ಆರು ಗಂಟೆಗೆ ದೀಪ ಆರಿಸಿದ ಮೇಲೆ ಬ್ಯಾಟರಿಗೆ ಮೀಟರ್ ಹಿಡಿದು ನೋಡಿದ ಅಂಕೆ: 12.5, 12.4, 12.5. ಅದರ ಎದುರಿನ ರೂಪಾಯಿಯ ಕಾಲಂ ಖಾಲಿಯಿದೆ.